ಗ್ಯಾಲರಿಯಲ್ಲಿ ಬೋರ್ಡ್ ಇದೆ, ತಲೆಯಲ್ಲಿ ಇಲ್ಲ

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಮೊದಲ ವರ್ಷ. ಪಿಯುಸಿವರೆಗೆ ಕನ್ನಡ ಮೀಡಿಯಂ. ಇಲ್ಲಿ ಎಲ್ಲಾ ಇಂಗ್ಲಿಷ್, ಅದೂ ಸ್ಪೀಡಾಗಿ. ಬರೆದುಕೊಳ್ಳಲು ಆಗದೆ ಬೋರ್ಡಿನ ಫೋಟೊ ತೆಗೆಯುತ್ತೇನೆ. ಟೆಸ್ಟ್ ಬಂದಾಗ ನೋಡಿದರೆ ಏನೂ ಅರ್ಥವಾಗುವುದಿಲ್ಲ. ಅಣ್ಣ ಟ್ಯಾಬ್ ಕೊಡಿಸುತ್ತೇನೆ ಅಂತಿದ್ದಾನೆ. ತಗೊಳ್ಳಲಾ?
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ಈಗಲೇ ಬೇಡ. ತೊಂದರೆ ಇರುವುದು ಫೋನಿನಲ್ಲಲ್ಲ.

ಡಿಪ್ರಿಸಿಯೇಷನ್ ಪಾಠ ತಗೊಳ್ಳಿ, ಅಂದರೆ ವಸ್ತು ಹಳೆಯದಾದಂತೆ ವರ್ಷವರ್ಷ ಅದರ ಬೆಲೆ ಇಳಿಸುವ ಲೆಕ್ಕ. 50,000 ರೂಪಾಯಿಯ ಮಷೀನು, ರಿಟನ್ ಡೌನ್ ವ್ಯಾಲ್ಯೂ ಪದ್ಧತಿ, ವರ್ಷಕ್ಕೆ 10%. ಬೋರ್ಡಿನ ಮೇಲೆ ಮೊದಲ ವರ್ಷ 5,000, ಎರಡನೇ ವರ್ಷ 4,500 ಅಂತ ಇರುತ್ತದೆ. ಫೋಟೊದಲ್ಲಿ ಈ ಎರಡು ಅಂಕಿ ಬಂತು, ಜೊತೆಗೆ ಮುಂದಿನ ಬೆಂಚಿನವಳ ಜಡೆಯೂ ಬಂತು. ಆದರೆ 4,500 ಯಾಕೆ? ‘ಉಳಿದಿರುವ 45,000ಕ್ಕೆ ಮಾತ್ರ ಲೆಕ್ಕ’ ಅಂತ ಸರ್ ಬಾಯಲ್ಲಿ ಹೇಳಿದರಲ್ಲ, ಅದು ಯಾವ ಕ್ಯಾಮೆರಾಗೂ ಸಿಗಲಿಲ್ಲ. ನೀವು ಬರೆದುಕೊಳ್ಳಬೇಕಾದದ್ದು ಆ ಒಂದು ಸಾಲು. ಕನ್ನಡದಲ್ಲೇ ಬರೆಯಿರಿ, ಯಾರೂ ಬೈಯುವುದಿಲ್ಲ. ಅಂಕಿಗಳನ್ನು ಬೇಕಾದರೆ ಫೋಟೊಕ್ಕೆ ಬಿಡಿ.

ಟ್ಯಾಬ್ ಬಂದರೆ ಎಲ್ಲವನ್ನೂ ಟೈಪ್ ಮಾಡುವ ಆಸೆ ಬರುತ್ತದೆ. ಅಮೆರಿಕದಲ್ಲಿ 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಮಾಡಿಕೊಂಡವರು ಕೇಳಿದ್ದನ್ನು ಪದಕ್ಕೆ ಪದ ಇಳಿಸಿದ್ದೇ ಜಾಸ್ತಿ ಅಂತ ಕಂಡಿತು. ಆಮೇಲೆ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಅಂಕಗಳಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ, ಪದಕ್ಕೆ ಪದ ಇಳಿಸುವ ಚಾಳಿ ಮಾತ್ರ ಮತ್ತೆ ಕಂಡಿತು. ನಿಮಗಂತೂ ಅದು ಬೇಡ, ಯಾಕಂದರೆ ಅರ್ಥವಾಗದ ಇಂಗ್ಲಿಷನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿಟ್ಟರೂ ಅದು ಅರ್ಥವಾಗದ ಇಂಗ್ಲಿಷೇ ಅಲ್ವಾ?

ಫೋನಿಗೆ ಕೆಲಸ ಕೊಡಬೇಕಾದದ್ದು ಸಂಜೆ. ಅವತ್ತಿನ ಪುಟಗಳನ್ನು ಗೂಗಲ್ ಡ್ರೈವ್‌ನ ಸ್ಕ್ಯಾನ್‌ನಲ್ಲಿ ತೆಗೆದು, ವಿಷಯ ಮತ್ತು ತಾರೀಖು ಹಾಕಿ ಪಿಡಿಎಫ್ ಮಾಡಿಡಿ. ಹೆಸರು ಹಾಕದಿದ್ದರೆ ಅದೂ ಇನ್ನೊಂದು ಗ್ಯಾಲರಿ ಆಗುತ್ತದೆ. ಆಮೇಲೆ ಪುಸ್ತಕ ಮುಚ್ಚಿ, ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡ ಹಾಕಿಕೊಂಡು, ಮೈಕ್ ಒತ್ತಿ ಎರಡು ನಿಮಿಷ ಮಾತಾಡಿ: ಇವತ್ತು ಏನು ಪಾಠ ಆಯಿತು, ತಂಗಿಗೆ ಹೇಳುವ ಹಾಗೆ. ಅದು ತಪ್ಪುತಪ್ಪಾಗಿ ಟೈಪ್ ಮಾಡುತ್ತದೆ, ಮಾಡಲಿ ಬಿಡಿ. ನೀವು ಎಲ್ಲಿ ತಡವರಿಸಿದಿರಿ ಅಂತ ಗೊತ್ತಾಗುತ್ತದಲ್ಲ, ಮರುದಿನ ಸರ್ ಹತ್ತಿರ ಹೋಗಿ ಅದನ್ನೇ ಕೇಳಿ.

ಕ್ಲಾಸ್ ರೆಕಾರ್ಡ್ ಮಾಡುವ ಯೋಚನೆ ಇದ್ದರೆ ಮೊದಲು ಅವರನ್ನು ಕೇಳಿಕೊಳ್ಳಿ. ಆದರೂ ಒಂದು ಗಂಟೆಯ ಪಾಠವನ್ನು ಮನೆಯಲ್ಲಿ ಮತ್ತೆ ಒಂದು ಗಂಟೆ ಕೂತು ಕೇಳಿದವರನ್ನು ನಾನು ನೋಡಿಲ್ಲ.

ಅಣ್ಣನಿಗೆ ಎರಡನೇ ಸೆಮಿಸ್ಟರ್‌ವರೆಗೆ ಕಾಯಲು ಹೇಳಿ. ಟ್ಯಾಬಿನ ಪೆನ್ಸಿಲ್‌ಗೆ ಎಷ್ಟೋ ಕಡೆ ಬೇರೆ ದುಡ್ಡು, ಅದನ್ನೂ ಅಷ್ಟರಲ್ಲಿ ವಿಚಾರಿಸಿರಲಿ.