ಮೊದಲು ಆ ಕೈಗವಸಿನ ಪದ್ಯ ಓದಿ

ರಷ್ಯನ್ ಕಾವ್ಯದ ಮೂರು ಪಂಥಗಳಾದ ಸಿಂಬಲಿಸಂ, ಅಕ್ಮೆಯಿಸಂ, ಫ್ಯೂಚರಿಸಂಗಳ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದ್ದೀರಿ, ಆದರೂ ರಷ್ಯನ್ ಪದ್ಯ ಎದುರಿಗೆ ಬಂದಾಗ ಯಾವುದು ಯಾವ ಪಂಥದ್ದು ಅಂತ ಗೊತ್ತಾಗ್ತಿಲ್ಲ ಅಂದಿರಿ. ವ್ಯಾಖ್ಯೆ ಪಕ್ಕಕ್ಕಿಡಿ. ಎರಡು ಪುಟ್ಟ ಪದ್ಯಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ.

ಒಂದು, ಅಲೆಕ್ಸಾಂಡರ್ ಬ್ಲೋಕ್ 1912ರಲ್ಲಿ ಬರೆದ ಎಂಟು ಸಾಲು. ರಾತ್ರಿ, ಬೀದಿ, ದೀಪ, ಔಷಧಿ ಅಂಗಡಿ ಅಂತ ಶುರುವಾಗುತ್ತೆ. ಕೊನೆಗೆ ಮತ್ತೆ ಅವೇ ಬರುತ್ತವೆ. ಸತ್ತರೂ ಬಿಡುಗಡೆ ಇಲ್ಲ. ಅಲ್ಲಿ ದೀಪ ಬರೀ ದೀಪ ಅಲ್ಲ, ಅದರ ಹಿಂದೆ ಇನ್ನೇನೋ ಇದೆ. ಸಿಂಬಲಿಸಂ ಅಂದರೆ ಆ 'ಇನ್ನೇನೋ'.

ಇನ್ನೊಂದು ಅನ್ನಾ ಅಖ್ಮಾತೊವಾ ಅವರ 1911ರ 'ಕೊನೆಯ ಭೇಟಿಯ ಹಾಡು'. ಪದ್ಯದಲ್ಲಿ ಒಬ್ಬಳು ತನ್ನ ಪ್ರಿಯಕರನನ್ನು ಬಿಟ್ಟು ಹೊರಡುತ್ತಿದ್ದಾಳೆ. ಎಡಗೈ ಗವಸನ್ನು ಬಲಗೈಗೆ ಹಾಕಿಕೊಂಡುಬಿಡುತ್ತಾಳೆ. ಇರೋದು ಮೂರೇ ಮೆಟ್ಟಿಲು ಅಂತ ಗೊತ್ತು, ಆದರೂ ತುಂಬಾ ಇವೆ ಅನ್ನಿಸುತ್ತೆ. ಇಲ್ಲಿ ಗವಸು ಗವಸೇ. ಆದರೆ ಅವಳ ಸಂಕಟವೆಲ್ಲ ಆ ತಪ್ಪು ಕೈಯಲ್ಲೇ ಕಾಣುತ್ತೆ, ಅಲ್ವಾ? ನನಗೆ ಅಕ್ಮೆಯಿಸಂ ಅರ್ಥವಾಗಿದ್ದು ಇಲ್ಲೇ. ಕವಿಗಳಾದ ಗುಮಿಲ್ಯೋವ್, ಗೊರೊಡೆಟ್ಸ್ಕಿ 'ಅಪೊಲೊನ್' ಪತ್ರಿಕೆಯಲ್ಲಿ ಈ ಪಂಥದ ಪ್ರಣಾಳಿಕೆ ಪ್ರಕಟಿಸಿದ್ದು 1913ರಲ್ಲಿ. ಪದ್ಯ ಮೊದಲು, ಪಂಥದ ಘೋಷಣೆ ಆಮೇಲೆ.

ಫ್ಯೂಚರಿಸ್ಟರನ್ನು ಸುಮ್ನೆ ಕಣ್ಣಲ್ಲಿ ಓದಬೇಡಿ. ಅವರಲ್ಲೊಬ್ಬರಾದ ಮಾಯಕೋವ್ಸ್ಕಿ ಪದ್ಯದ ರಷ್ಯನ್ ವಾಚನ ಕೇಳಿ. ಭಾಷೆ ಬರದಿದ್ದರೂ ಆ ಲಯದ ಏಟು ಕಿವಿಗೆ ಬೀಳುತ್ತೆ.

ಕವಿಗಳೆಲ್ಲರನ್ನೂ ಪಂಥದ ಡಬ್ಬಿಗೆ ತುಂಬೋಕೆ ಮಾತ್ರ ಹೋಗಬೇಡಿ. ಪಾಸ್ತರ್ನಾಕ್ ಫ್ಯೂಚರಿಸ್ಟರ ಗುಂಪಲ್ಲಿ ಶುರುಮಾಡಿ ದೂರ ಸರಿದರು. ತ್ಸ್ವೆತಾಯೆವಾ ಅಂತೂ ಯಾವ ಪಂಥಕ್ಕೂ ಸೇರಲಿಲ್ಲ.