ಎಂಟು ದೀಪ ಹೊತ್ತಿದ ಮಾತ್ರಕ್ಕೆ ಕೇಬಲ್ ಸರಿ ಇದೆಯೆಂದಲ್ಲ

ಪ್ರಶ್ನೆ: ಕಚೇರಿಯ ಕಂಪ್ಯೂಟರುಗಳನ್ನು ಜೋಡಿಸಲು ಹೊಸ ಗಿಗಾಬಿಟ್ (1000 ಮೆಗಾಬಿಟ್ ವೇಗದ) ನೆಟ್‌ವರ್ಕ್ ಸ್ವಿಚ್ ತಂದು, ರೂಟರಿನಿಂದ ಅದಕ್ಕೆ ಸುಮಾರು 25 ಮೀಟರ್ ಕೇಬಲ್ ಎಳೆಸಿದ್ದೇವೆ. ರೂಟರಿಗೆ ಲ್ಯಾಪ್‌ಟಾಪನ್ನು ಗಿಡ್ಡ ಕೇಬಲ್ಲಿನಿಂದ ನೇರವಾಗಿ ಜೋಡಿಸಿದರೆ 300 ಮೆಗಾಬಿಟ್ ವೇಗ ಬರುತ್ತದೆ. ಸ್ವಿಚ್ಚಿನ ಮೂಲಕ 95 ದಾಟುವುದಿಲ್ಲ, ಆಗಾಗ ಸಂಪರ್ಕವೂ ಕಡಿಯುತ್ತದೆ. ಕೇಬಲ್ ಪರೀಕ್ಷಿಸುವ ಟೆಸ್ಟರಿನಲ್ಲಿ ಎಂಟು ತಂತಿಗಳ ಎಂಟೂ ದೀಪಗಳು ಸರಿಯಾಗಿ ಹೊತ್ತುತ್ತವೆ. ಸ್ವಿಚ್ ಬದಲಿಸಬೇಕೆ?

ಉತ್ತರ: ಬೇಡ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಅಪರಾಧಿ ಸ್ಥಾನದಲ್ಲಿ ಪಾಪದ ಸ್ವಿಚ್ಚೇ ನಿಂತಿರುತ್ತದೆ. 95 ಎಂಬ ಅಂಕಿಯ ಅರ್ಥವೇನೆಂದರೆ, ಗಿಗಾಬಿಟ್ ಸಂಪರ್ಕ ಕುದುರದೆ ಎರಡೂ ಸಾಧನಗಳು 100 ಮೆಗಾಬಿಟ್‌ಗೆ ಇಳಿದು ರಾಜಿಯಾಗಿವೆ. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿಗಳು ಸುಸ್ಥಿತಿಯಲ್ಲಿರಬೇಕು. 100ಕ್ಕೆ 1-2 ಮತ್ತು 3-6ನೆಯ ಪಿನ್ನುಗಳ ಎರಡು ಜೋಡಿ ಸಾಕು.

ಕೇಬಲ್ ತುದಿಯ ಕನೆಕ್ಟರಿನ ಕೊಕ್ಕೆ ಕೆಳಗಿರುವಂತೆ, ಕೇಬಲ್ ನಿಮ್ಮತ್ತ ಇರುವಂತೆ ಹಿಡಿದು ಎಡದಿಂದ ಬಣ್ಣಗಳನ್ನು ಓದಿ. ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ಹಸಿರು, ನೀಲಿ-ಬಿಳಿ, ನೀಲಿ ಎಂದು ಜೋಡಿಜೋಡಿಯಾಗಿ ಅಂದವಾಗಿ ಸಾಗಿದ್ದರೆ ರೋಗ ಅಲ್ಲಿಯೇ ಇದೆ. "ಎರಡೂ ತುದಿಯಲ್ಲಿ ಒಂದೇ ಕ್ರಮ ಇದ್ದರಾಯಿತು ಸಾರ್" ಎನ್ನುವ ವೈರಿಂಗ್ ಪಂಡಿತರು ಊರಿಗೊಬ್ಬರಿದ್ದಾರೆ. ಅವರ ಕ್ರಮದಲ್ಲಿ 3ನೆಯ ಪಿನ್ನಿಗೆ ಹಸಿರು-ಬಿಳಿಯೂ 6ನೆಯದಕ್ಕೆ ನೀಲಿಯೂ ಬರುತ್ತವೆ. ಅಂದರೆ ಜೊತೆಯಾಗಿ ದುಡಿಯಬೇಕಾದ ಎರಡು ತಂತಿಗಳು ಒಂದನ್ನೊಂದು ಹೆಣೆದುಕೊಂಡಿರುವುದೇ ಇಲ್ಲ. ತಂತಿಗಳನ್ನು ಹೆಣೆಯುವುದೇ ಪಕ್ಕದ ಜೋಡಿಯ ಸಂಕೇತ ಇದರೊಳಗೆ ನುಸುಳದಿರಲೆಂದು. ಆ ರಕ್ಷಣೆ ತಪ್ಪಿದ ಮೇಲೆ ವೇಗವೂ ಹೋಗುತ್ತದೆ, ಸ್ಥಿರತೆಯೂ ಹೋಗುತ್ತದೆ. ಅಗ್ಗದ ಟೆಸ್ಟರ್ ತಂತಿ ತುಂಡಾಗಿದೆಯೇ, ಎರಡೂ ತುದಿಯಲ್ಲಿ ಕ್ರಮ ಒಂದೇ ಇದೆಯೇ ಎಂಬುದನ್ನಷ್ಟೇ ನೋಡುತ್ತದೆ. ಯಾವುದು ಯಾವುದರೊಡನೆ ಹೆಣೆದಿದೆ ಎಂಬುದು ಅದಕ್ಕೆ ತಿಳಿಯದು.

ಸರಿಯಾದ ಕ್ರಮ ಹೀಗಿದೆ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ತುದಿಯಲ್ಲಿ ಹೆಣಿಗೆಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಕೇಬಲ್ಲಿನ ಹೊರಗವಚ ಕನೆಕ್ಟರಿನ ಒಳಗೆ ಸೇರಿಯೇ ಕ್ರಿಂಪ್ ಆಗಬೇಕು, ಅಂದರೆ ಇಕ್ಕಳದಿಂದ ಒತ್ತಿ ಬಿಗಿಯಬೇಕು. ಕಾಲೇಜೊಂದರ ಲ್ಯಾಬಿನಲ್ಲಿ ಎರಡು ಸ್ವಿಚ್ ಬದಲಿಸಿ ಆದ ಮೇಲೆ ನನ್ನನ್ನು ಕರೆದಿದ್ದರು. ಒಂದಿಡೀ ದಿನ ಕುಳಿತು ನಾನು ಮಾಡಿದ್ದು ತುದಿಗಳನ್ನು ಕತ್ತರಿಸಿ ಮತ್ತೆ ಕ್ರಿಂಪ್ ಮಾಡುವ ಕೆಲಸವನ್ನಷ್ಟೇ.

ಬಣ್ಣದ ಕ್ರಮ ಸರಿಯಿದ್ದೂ ತೊಂದರೆ ತಪ್ಪದಿದ್ದರೆ ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಹೊಳೆದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಕ್ಯಾಟ್ 6 ಎಂಬ ಗುಣಮಟ್ಟದ ದರ್ಜೆ ಮೇಲೆ ಅಚ್ಚಾಗಿದ್ದರೂ ಅಂಥ ಕೇಬಲ್ಲನ್ನು ನಾನು ಗೋಡೆಯೊಳಗೆ ಹಾಕಲು ಬಿಡುವುದಿಲ್ಲ. ಕೇಬಲ್ಲಿನಲ್ಲೇ ವಿದ್ಯುತ್ ಪಡೆಯುವ ಕ್ಯಾಮೆರಾಗಳಿಗಂತೂ ಅದು ಕೂಡದು, ಏಕೆಂದರೆ ಪ್ರತಿರೋಧ ಹೆಚ್ಚಿರುವ ಆ ತಂತಿ ಹೆಚ್ಚು ಬಿಸಿಯಾಗುತ್ತದೆ.

ಪ್ರಶ್ನೆ: ರೂಟರಿನಿಂದ ಸ್ವಿಚ್‌ಗೆ ಕ್ರಾಸ್ ಕೇಬಲ್ಲೇ (ಒಂದು ತುದಿಯಲ್ಲಿ ಜೋಡಿಗಳು ಅದಲುಬದಲಾದ ಕೇಬಲ್) ಬೇಕೆ?

ಉತ್ತರ: ಇಂದಿನ ಗಿಗಾಬಿಟ್ ಸಾಧನಗಳು ಅದನ್ನು ತಾವೇ ನೋಡಿಕೊಳ್ಳುತ್ತವೆ, ಬೇಡ.

ಪ್ರಶ್ನೆ: ಮನೆಯ ಸ್ವಿಚ್‌ಗೆ ಕ್ಯಾಟ್ 8 ಕೇಬಲ್ ಹಾಕಿದರೆ ಇಂಟರ್ನೆಟ್ ವೇಗ ಹೆಚ್ಚುವುದೆ?

ಉತ್ತರ: ಅಂಗಡಿಯವನ ಲಾಭ ಹೆಚ್ಚುವುದು.

ಪ್ರಶ್ನೆ: ವೇಗ ಇಮ್ಮಡಿಯಾಗಲೆಂದು ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್ ಹಾಕಿದೆವು. ಈಗ ಎಲ್ಲ ದೀಪಗಳೂ ಒಟ್ಟಿಗೆ ಮಿನುಗುತ್ತಿವೆ, ಇಂಟರ್ನೆಟ್ ಇಲ್ಲ. ಏಕೆ?

ಉತ್ತರ: ಸಾಮಾನ್ಯ ಸ್ವಿಚ್‌ಗಳಲ್ಲಿ ಹಾಗೆ ಮಾಡಿದರೆ ಎಲ್ಲರಿಗೂ ಎಂದು ಕಳುಹಿಸಿದ ಸಂದೇಶ ಒಂದು ಕೇಬಲ್ಲಿನಲ್ಲಿ ಹೋಗಿ ಇನ್ನೊಂದರಲ್ಲಿ ಹಿಂತಿರುಗುತ್ತ ಕೊನೆಯಿಲ್ಲದೆ ಸುತ್ತುತ್ತದೆ. ಒಂದನ್ನು ಈಗಲೇ ಕಿತ್ತುಬಿಡಿ.