ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ ನೀರಲ್ಲಿ ತೊಳೆದರೂ ಯಾಕೆ ಉರಿಯುತ್ತದೆ?

ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಈ ಉರಿ ಚೆನ್ನಾಗಿ ಗೊತ್ತು. ಚರ್ಮದ ಹೊರಪದರದಲ್ಲಿ ಸತ್ತ ಜೀವಕೋಶಗಳಿವೆ, ಅವುಗಳ ನಡುವೆ ಜಿಡ್ಡಿದೆ. ಆ ಜಿಡ್ಡು ನೀರನ್ನು ತಡೆಯುತ್ತದೆ. ಆದರೆ ಖಾರದ ಅಂಶವಾದ ಕ್ಯಾಪ್ಸೈಸಿನ್ ಜಿಡ್ಡಿನಲ್ಲೇ ಕರಗುವಂಥದ್ದು, ಹಾಗಾಗಿ ಒಳಗಿಳಿಯುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಗುರುತಿಸುವ ನರದ ತುದಿಗಳು ಅಲ್ಲಿವೆ. ಕ್ಯಾಪ್ಸೈಸಿನ್ ಅವನ್ನೇ ಕೆಣಕುತ್ತದೆ. ಚರ್ಮ ಸುಡದಿದ್ದರೂ ಸುಟ್ಟ ಹಾಗೇ ಅನಿಸುವುದು ಅದಕ್ಕೇ. ಬಿಸಿನೀರು ಹಾಕಿದರೆ ಉರಿ ಇನ್ನೂ ಜಾಸ್ತಿ.

ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ. ಆಮೇಲೆ ಸೋಪು ಹಚ್ಚಿ ತಣ್ಣೀರಲ್ಲಿ ತೊಳೆಯಿರಿ. ಅಲ್ಲಿವರೆಗೆ ಕಣ್ಣು ಮುಟ್ಟಲೇಬೇಡಿ.

ದಿನವೂ ಇದೇ ಕೆಲಸವಾದರೆ ಕೈ ಒಣಗಿ, ಕೆಂಪಾಗಿ, ಬಿರುಕು ಬಿಡಬಹುದು. ಇದು ಡರ್ಮಟೈಟಿಸ್. ಸುಮ್ನೆ ಅಂಗಡಿಯ ಸ್ಟೀರಾಯ್ಡ್ ಮುಲಾಮು ಹಚ್ಚಬೇಡಿ, ದಯವಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ.